ಚಿನ್ನದೂರಿನ ಖಾಲಿ ಡಿಸ್ಕು

ಸೋಮವಾರ ಬೆಳಿಗ್ಗೆ ಆರೂವರೆಗೆ ಕರೆಂಟು ಬಂತು. ಆರೂಮುಕ್ಕಾಲಿಗೆ ಚಿನ್ನದೂರು ಕಾಣೆಯಾಗಿದೆ ಎಂದು ಗೊತ್ತಾಯಿತು.

ಲಿಖಿತ ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ರಾಗಿ ಮೂಟೆಗಳ ಪಕ್ಕದ ಮೇಜಿನ ಮೇಲೆ ಕಪ್ಪು ಕಂಪ್ಯೂಟರು ಎಂದಿನಂತೆ ಗುಂಯ್ ಎನ್ನುತ್ತಿತ್ತು. ಪರದೆಯೂ ಹೊತ್ತಿತ್ತು. ಆದರೆ ಊರಿಟ್ಟಿದ್ದ ದೊಡ್ಡ ಡಿಸ್ಕು ಬೋಳು. ಒಂದು ಕಡತವಿಲ್ಲ, ಒಂದು ಹೆಸರಿಲ್ಲ. ಮೂರು ಸಲ ಆರಿಸಿ ಹಚ್ಚಿದಳು. ಮೂರು ಸಲವೂ ಅದೇ ಕಥೆ.

ಬೆನ್ನ ಹಿಂದೆ ಬಳೆ ಸದ್ದಾಯಿತು. ಅವಳ ದೊಡ್ಡಮ್ಮ ಮುನಿರತ್ನಮ್ಮ. ಕೈಯಲ್ಲಿ ಹಾಲು ಕರೆದ ಚೊಂಬು.

"ಯಾಕವ್ವ, ಇನ್ನೂ ಶುರುವಾಗ್ಲಿಲ್ವಾ ಅದು?"

ಹೇಳದೆ ವಿಧಿಯಿರಲಿಲ್ಲ. "ಏನೂ ಇಲ್ಲ ದೊಡ್ಡಮ್ಮ. ಎಲ್ಲ ಅಳಿಸ್ಕೊಂಡ್ ಓಗೈತೆ."

"ಎಲ್ಲಾನೂ ಅಂದ್ರೆ? ಮನೆ?"

"ಮನೇನೂ."

"ಅವನ ಮಾತು?"

ಲಿಖಿತ ತಲೆ ತಗ್ಗಿಸಿದಳು. ಮುನಿರತ್ನಮ್ಮ ಚೊಂಬನ್ನು ನೆಲಕ್ಕಿಟ್ಟು, ರಾಗಿ ಮೂಟೆಗೆ ಒರಗಿ ಕೂತಳು. ಅಳಲಿಲ್ಲ. ವರ್ಷದಿಂದ ಅತ್ತು ಅತ್ತು ಅವಳಿಗೆ ಅಳುವುದೂ ಸಾಕಾಗಿತ್ತು.

ಆಟದ ಸಾಮಾನಿಗೆ ಇಷ್ಟು ಗೋಳೇ ಎಂದು ಕೇಳುವವರು ಕೇಳಲಿ. ವಿಷಯ ಇಷ್ಟು. ಮುನಿರತ್ನಮ್ಮ, ಶ್ರೀರಾಮಪ್ಪನವರ ಒಬ್ಬನೇ ಮಗ ಮುನಿರಾಜ್‌ಗೆ ಕಂಪ್ಯೂಟರ್ ಆಟದ ಹುಚ್ಚು. ಚೌಕ ಇಟ್ಟಿಗೆ ಪೇರಿಸಿ ಮನೆ ಮಠ ಕಟ್ಟುವ ಆಟ. ಹತ್ತಾರು ಜನ ಕೂಡಿ ಆಡಬೇಕಾದರೆ, ಕಟ್ಟಿದ ಊರನ್ನು ಹಗಲಿರುಳು ಹೊತ್ತು ನಿಲ್ಲುವ ಒಂದು ಕಂಪ್ಯೂಟರು ಬೇಕು. ಅದಕ್ಕೆ ಸರ್ವರ್ ಎನ್ನುತ್ತಾರೆ. ಕಾಸು ಕೊಟ್ಟು ಬಾಡಿಗೆಗೆ ಹಿಡಿಯುವವರೇ ಹೆಚ್ಚು. ಮುನಿರಾಜ್ ಮಾತ್ರ ಹಳೆಯ ಕಂಪ್ಯೂಟರೊಂದನ್ನು ರಿಪೇರಿ ಮಾಡಿ, ಕ್ಯಾಸಂಬಳ್ಳಿ ಪಕ್ಕದ ಈ ಹಳ್ಳಿಯಲ್ಲಿ, ರಾಗಿ ಕೋಣೆಯಲ್ಲೇ ಸರ್ವರ್ ಇಟ್ಟ. ಬರುವವರಿಂದ ಬಿಡಿಗಾಸು ಕೇಳಲಿಲ್ಲ. ನಲವತ್ತು ಜನ ಸೇರಿಕೊಂಡರು. ಕೆಜಿಎಫ್‌ನ ಗಣಿ ಬಾವಿಯ ಮೇಲಿನ ಕಬ್ಬಿಣದ ಗೋಪುರಗಳು, ಗಣಿ ಮಣ್ಣು ಸುರಿದ ಸೈನೈಡ್ ಗುಡ್ಡ, ಕಾರ್ಮಿಕರ ಲೈನ್ ಮನೆಗಳು, ಬಂಗಾರಪೇಟೆ ಜಂಕ್ಷನ್ನು, ಕಾಮಸಮುದ್ರದ ರಸ್ತೆ ಎಲ್ಲ ಎದ್ದು ನಿಂತವು. ಅದೇ ಚಿನ್ನದೂರು. ಅದರ ಮೂಲೆಯಲ್ಲಿ ಮುನಿರಾಜ್ ತನ್ನ ಮನೆಯನ್ನೂ ಕಟ್ಟಿದ್ದ. ಕೊಟ್ಟಿಗೆಯಲ್ಲಿ ಮೂರು ಹಸು. ಬಾಗಿಲಿಗೆ ಒಂದು ಬೋರ್ಡು, "ಅಮ್ಮಾ, ಕಾಲು ತೊಳ್ಕೊಂಡು ಒಳಗೆ ಬಾ."

ಹೋದ ಶ್ರಾವಣದಲ್ಲಿ ಅವನು ಬಂಗಾರಪೇಟೆ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಇಪ್ಪತ್ತೈದು ವರ್ಷ. ಆ ಸಂಜೆ ತಾಯಿ ಬೈದಿದ್ದಳು. ಹಸುಗಳಿಗೆ ಬೂಸಾ ಇಲ್ಲ, ನೀನು ಆ ಪೆಟ್ಟಿಗೆ ಮುಂದೆ ಕೂತಿರು ಎಂದು. ಅವನು ಮಾತಾಡದೆ ಬೈಕು ಹತ್ತಿದ. ಬೂಸಾ ಅಂಗಡಿ ಇದ್ದದ್ದು ಬಂಗಾರಪೇಟೆಯಲ್ಲಿ. ಊರೆಲ್ಲ ಲೆಕ್ಕ ಹಾಕಿ ಮುಗಿಸಿತು. ಮಣ್ಣು ಮಾಡಿ ಬಂದ ದಿನ ಶ್ರೀರಾಮಪ್ಪ ಹೆಂಡತಿಗೆ ಒಂದೇ ಮಾತು ಹೇಳಿದ, "ನೀನೇ ಕಳಿಸ್ದೆ." ಅಲ್ಲಿಂದ ಈಚೆಗೆ ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತಿಲ್ಲ. ಅನ್ನ ಬೇಕಾದರೆ ತಟ್ಟೆ ಸದ್ದು ಮಾಡುತ್ತಾನೆ. ಅವಳು ಬಡಿಸುತ್ತಾಳೆ. ವರ್ಷ ತುಂಬುವವರೆಗೆ ಸಾವಿನ ಮನೆಯಲ್ಲಿ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಆ ಮನೆಗೆ ಅದೂ ಒಂದು ನೆಪವಾಯಿತು.

ಶ್ರೀರಾಮಪ್ಪನ ತಮ್ಮನ ಮಗಳು ಲಿಖಿತ ಸರ್ವರ್ ನೋಡಿಕೊಳ್ಳತೊಡಗಿದಳು. ಆಡುವವರು ಆಟದೊಳಗೆ ಬರೆದುಕೊಂಡ ಮಾತುಗಳನ್ನೆಲ್ಲ ಅದು ದಿನದಿನಕ್ಕೆ ಬರೆದಿಟ್ಟುಕೊಳ್ಳುತ್ತಿತ್ತು. ಅದು ತಿಳಿದ ಮೇಲೆ ಮುನಿರತ್ನಮ್ಮ ದಿನವೂ ಸಂಜೆ ಬಂದು ಕೂರುತ್ತಿದ್ದಳು. ದಿನಕ್ಕೊಂದು ದಿನದ ಮಾತು ಓದಿಸಿಕೊಳ್ಳುತ್ತಿದ್ದಳು.

"ಒಂದೇ ಸಲ ಕೊನೇ ದಿನದ್ದು ಓದಾಣ್ವಾ ದೊಡ್ಡಮ್ಮ?" ಎಂದು ಲಿಖಿತ ಕೇಳಿದ್ದಳು.

"ಬ್ಯಾಡ ಕಣವ್ವ, ಭಯ ಆಯ್ತದೆ. ನೀನೂ ನೋಡ್ಬ್ಯಾಡ. ವರ್ಷದ ತಿಥಿ ದಿನಕ್ಕೆ ಸರಿಯಾಗಿ ಅಲ್ಲಿಗೆ ಬರ್ಲಿ. ನನ್ನ ಮೇಲೆ ಕ್ವಾಪ ಮಾಡ್ಕೊಂಡೇ ಮನೆ ಬಿಟ್ನಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು ನನಗೆ."

ತಿಥಿ ಬರುವ ಶನಿವಾರ. ಓದುವುದಕ್ಕೆ ಉಳಿದಿದ್ದದ್ದು ಆರೇ ದಿನದ ಮಾತು.

---

ಎಂಟು ಗಂಟೆಗೆ ಅಶ್ವತ್ಥಮ್ಮ ಬಂದಳು. ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಇಪ್ಪತ್ತಾರು ವರ್ಷ ಹಾಲಿಗೆ ಲ್ಯಾಕ್ಟೋಮೀಟರು ಅದ್ದಿ ಅದ್ದಿ, ಯಾರ ಮಾತಿನಲ್ಲಿ ಎಷ್ಟು ನೀರು ಎಂಬುದನ್ನೂ ಹೇಳಬಲ್ಲ ಹೆಂಗಸು. ಹೋದ ಬೇಸಿಗೆಯಲ್ಲಿ ಮೇವು ಕತ್ತರಿಸುವ ಮೋಟರು ಕಳುವಾದಾಗ ಪೊಲೀಸರಿಗಿಂತ ಮೊದಲು ಕಳ್ಳನ ಮನೆ ಬಾಗಿಲಲ್ಲಿ ನಿಂತವಳು ಅವಳೇ.

"ಆಲು ಬರ್ಲಿಲ್ಲ ಅಂತ ಬಂದೆ. ಏನಾಯ್ತು ಲಿಖಿತ?"

ಲಿಖಿತ ಹೇಳಿದಳು.

"ಕರೆಂಟ್ ಓಗಿ ಬಂದಿದ್ದಕ್ಕೆ ಅಳಿಸ್ಕೊಂತು ಅಂತೀಯ?"

"ಅಂಗೇ ಅಂದ್ಕೊಂಡಿದ್ದೀನಕ್ಕ. ಡಿಸ್ಕ್ ಕೆಟ್ಟಿರ್ಬೋದು."

"ಕರೆಂಟ್ ಓದ್ರೆ ಆಲು ಕೆಡ್ತದೆ ಕಣವ್ವ. ಕ್ಯಾನು ತೊಳೆದಿಟ್ಟಂಗೆ ಆಗಲ್ಲ. ಅರ್ಧಂಬರ್ಧನಾದ್ರೂ ಏನಾದ್ರೂ ಉಳಿದೈತಾ ಒಳಗೆ?"

ಲಿಖಿತ ಪರದೆಯ ಕಡೆ ತಿರುಗಿದಳು. ಹೌದಲ್ಲ. ಕೆಟ್ಟ ಡಿಸ್ಕು ತೊದಲುತ್ತದೆ, ಚೂರುಪಾರು ತೋರಿಸುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಇದು ಹಾಗಿರಲಿಲ್ಲ. ಚೊಕ್ಕಟವಾಗಿತ್ತು.

"ಇಲ್ಲಕ್ಕ. ಯಾರೋ ಬೇಕೂಂತ ಅಳ್ಸಿದಂಗೈತೆ."

"ನಕಲು ಇಟ್ಟಿಲ್ವಾ?"

"ಇಟ್ಟಿದ್ದೆ." ಲಿಖಿತ ಪೆಟ್ಟಿಗೆಯತ್ತ ಕೈ ತೋರಿಸಿದಳು. "ಅದೇ ಡಿಸ್ಕೊಳಗೆ."

ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ ಹಾಗಾಗಿತ್ತು. ಅಶ್ವತ್ಥಮ್ಮ ಬೈಯಲಿಲ್ಲ. ಬೈದಿದ್ದರೆ ಲಿಖಿತಳಿಗೆ ಸ್ವಲ್ಪ ಹಗುರಾಗುತ್ತಿತ್ತು.

"ಬಿಚ್ಚಿ ತೋರ್ಸು ನೋಡಾಣ."

ಕಂಪ್ಯೂಟರಿನ ಹೊರಮೈ ಮೇಲೆ ಹಳೆಯ ಕುಂಕುಮದ ಮೂರು ಬೊಟ್ಟು ಮಾಸಿಕೊಂಡಿದ್ದವು. ಮುನಿರಾಜ್ ತಾನೇ ಇಟ್ಟದ್ದು, ಬದುಕಿದ್ದಾಗ. ಲಿಖಿತ ಪಕ್ಕದ ತಗಡು ತೆಗೆದು, ಡಿಸ್ಕು ಬಿಚ್ಚಿ ಅಂಗೈ ಮೇಲಿಟ್ಟಳು. ಅಶ್ವತ್ಥಮ್ಮ ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸ್ಕ್ರೂ ಗುಣಿಯೊಂದನ್ನು ಕೆದಕಿದಳು. ಪಿನ್ನಿನ ತುದಿಗೆ ಕೆಂಪು ಪುಡಿ ಹತ್ತಿತು.

"ಏನಿದು?"

"ಕುಂಕುಮ ಅಕ್ಕ. ಆಯುಧಪೂಜೇದು. ಎಲ್ಲಾ ಮಿಷನ್‌ಗೂ ಇರ್ತದಲ್ಲ."

"ಊಂ, ಇರ್ತದೆ," ಎಂದಳು ಅಶ್ವತ್ಥಮ್ಮ. ಪಿನ್ನನ್ನು ಒರೆಸಲಿಲ್ಲ. "ಈ ಡಿಸ್ಕು ಯಾವಾಗ ತಂದಿದ್ದು?"

"ಕಾರ್ತಿಕದಲ್ಲಿ. ಅಣ್ಣನ ಹಳೇದು ಕೆಡೋಕ್ ಶುರುವಾಯ್ತು. ವೆಂಕಿ ಅಣ್ಣ, ನನ್ನತ್ರ ಇರೋ ಕಂಪನೀದೇ ತಗೋ, ಚೆನ್ನಾಗೈತೆ ಅಂದ. ಬೆಂಗಳೂರಿಂದ ತಂದು ಎಲ್ಲಾ ಇದಕ್ಕೆ ಹಾಕ್ದೆ. ಹಳೇದು ಆಮೇಲೆ ಸತ್ತೇ ಓಯ್ತು."

"ಬಿಲ್ಲು ಐತಾ?"

"ಇರ್ಬೇಕು."

"ಹುಡುಕಿಡು. ಈಗ ಯೋಳು. ನಿನ್ನೆ ಮನೆಗೆ ಯಾರ್ಯಾರು ಬಂದಿದ್ರು?"

ಮೂವರು ಬಂದಿದ್ದರು. ಹನ್ನೊಂದಕ್ಕೆ ಇಂಟರ್ನೆಟ್ ಕೇಬಲಿನ ಮುನೀಂದ್ರ, ತಂತಿ ಸರಿ ಮಾಡಲು. ಮಧ್ಯಾಹ್ನ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಸೆಲ್ವರಾಜ್. ಅವನದು ಆಟದ ಸರ್ವರ್ ಬಾಡಿಗೆಗೆ ಕೊಡುವ ವ್ಯಾಪಾರ. ಚಿನ್ನದೂರನ್ನು ತನ್ನಲ್ಲಿಗೆ ತಂದುಬಿಡಿ ಎಂದು ನಾಲ್ಕನೇ ಸಲ ಕೇಳಲು ಬಂದಿದ್ದ. ಸಂಜೆ ಐದೂವರೆಗೆ, ಮನೆಯವರು ಹಾಲು ಕರೆಯಲು ಹೊರಟ ಹೊತ್ತಿಗೆ, ವೆಂಕಿ. ಮುನಿರಾಜ್‌ನ ಜೀವದ ಗೆಳೆಯ. ಬೆಂಗಳೂರಿನ ಕಾರ್ಖಾನೆಗೆ ದಿನವೂ ರೈಲಿನಲ್ಲಿ ಹೋಗಿ ಬರುವವನು. ಗೆಳೆಯ ಸತ್ತ ಮೇಲೂ ಪ್ರತಿ ಭಾನುವಾರ ಬಂದು ಮುನಿರತ್ನಮ್ಮನ ಕಾಫಿ ಕುಡಿದು ಹೋಗುತ್ತಿದ್ದ.

"ಕರೆಂಟ್ ಓಗಿದ್ದು?"

"ಐದಕ್ಕೆ. ಬ್ಯಾಟರಿ ಅರ್ಧ ಗಂಟೆ ತಡೀತು. ಐದೂವರೆವರೆಗೂ ಜನ ಆಡ್ತಿದ್ರು. ಆಮೇಲೆ ಬೆಳಗ್ಗೆವರೆಗೂ ಆಫ್."

"ಅಂದ್ರೆ ಐದೂವರೆಗೆ ಊರು ಇತ್ತು." ಅಶ್ವತ್ಥಮ್ಮ ಎದ್ದಳು. "ಸೆಲ್ವರಾಜ್ ಅಂಗಡಿ ತೋರಿಸ್ತೀಯ?"

---

ದಾರಿಯಲ್ಲಿ ಮುನೀಂದ್ರ ಕಂಬದ ಕೆಳಗೆ ಸಿಕ್ಕಿದ. ಲಿಖಿತ ಸ್ಕೂಟರ್ ನಿಲ್ಲಿಸಿದಳು.

"ನಿನ್ನೆ ಶ್ರೀರಾಮಪ್ಪನ ಮನೇಲಿ ಆ ಕಂಪ್ಯೂಟರ್ ಮುಟ್ಟಿದ್ಯೇನಪ್ಪ?" ಎಂದಳು ಅಶ್ವತ್ಥಮ್ಮ.

"ನಾನ್ಯಾಕೆ ಮುಟ್ಲಿ ಅಕ್ಕ? ವೈರ್ ಸಿಕ್ಕಿಸ್ದೆ, ಬಂದೆ. ಅದರೊಳಗೆ ಏನೈತೆ ಅಂತ್ಲೇ ನನಗೆ ಗೊತ್ತಿಲ್ಲ."

"ಸಾಯಂಕಾಲ ಎಲ್ಲಿದ್ದೆ?"

"ಬೇತಮಂಗಲದಲ್ಲಿ, ಮಾವನ ಮನೇಲಿ. ಕೇಳ್ಕೊಳ್ಳಿ ಬೇಕಾದ್ರೆ."

ಅಶ್ವತ್ಥಮ್ಮ ತಲೆಯಾಡಿಸಿದಳು. ಸ್ಕೂಟರು ಮುಂದೆ ಹೋಯಿತು. ದೂರದಲ್ಲಿ ಸೈನೈಡ್ ಗುಡ್ಡಗಳು ಮಸುಕಾಗಿ ಕಂಡವು. ಆಕಾಶ ಕವಿದುಕೊಂಡಿತ್ತು, ಮಳೆ ಮಾತ್ರ ಬರುವ ಹಾಗಿರಲಿಲ್ಲ. ಲಿಖಿತಳಿಗೆ ದೊಡ್ಡಮ್ಮನ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಶನಿವಾರ ಏನು ಹೇಳುವುದು?

ಸೆಲ್ವರಾಜ್‌ನ ಅಂಗಡಿ ತಣ್ಣಗಿತ್ತು. ಗಾಜಿನ ಹಿಂದೆ ಸಾಲಾಗಿ ಪೆಟ್ಟಿಗೆಗಳು, ಹಸಿರು ದೀಪಗಳು. ನಲವತ್ತರ ಮನುಷ್ಯ. ಸುದ್ದಿ ಕೇಳಿ ಹಣೆ ಹಿಡಿದುಕೊಂಡ.

"ಅಯ್ಯಯ್ಯೋ, ಪೂರ್ತಿ ಓಯ್ತಾ? ಎಷ್ಟು ಸಲ ಹೇಳಿದ್ದೀನಿ ಲಿಖಿತಾ ಮಾ, ಮನೇಲಿ ಇಡ್ಬೇಡಿ ಅಂತ. ನಮ್ಮಲ್ಲಾದ್ರೆ ಮೂರು ಕಡೆ ನಕಲು ಇರುತ್ತೆ. ಕರೆಂಟ್ ಓದ್ರೆ ಜನರೇಟರ್. ನೂರು ಜನ ಆಡಬಹುದು."

"ಅಳಿಸ್ಕೊಂಡಿದ್ದು ನಿಮಗೆ ಒಳ್ಳೇದೇ ಆಯ್ತಲ್ಲ," ಎಂದಳು ಅಶ್ವತ್ಥಮ್ಮ. "ಆ ನಲವತ್ತು ಜನ ಇನ್ನು ನಿಮ್ಮತ್ರ ಬರ್ತಾರೆ."

"ಸತ್ಯಮಾ ಹೇಳ್ತೀನಿ, ನನಗೆ ಬೇಕಾಗಿದ್ದೇ ಆ ಊರು. ನಮ್ಮ ತಾತ ಇದ್ದ ಲೈನ್ ಮನೆ ಅದರಲ್ಲಿ ಐತೆ. ಆ ಮನೆ ಈಗ ಬಿದ್ದೋಗಿದೆ. ಊರನ್ನೇ ಅಳಿಸಿ ನಾನೇನ್ ಮಾರ್ಲಿ? ಖಾಲಿ ಪೆಟ್ಟಿಗೆನಾ?"

ಅವನ ಧ್ವನಿಯಲ್ಲಿ ಸಿಟ್ಟಿತ್ತು. ಸುಳ್ಳಿದ್ದಂತೆ ಕಾಣಲಿಲ್ಲ. ಆದರೂ ಲಿಖಿತ ಅವನನ್ನೇ ಗುಮಾನಿಯಿಂದ ನೋಡುತ್ತಿದ್ದಳು. ವ್ಯಾಪಾರದವರ ಬಾಯಿ ಯಾವಾಗಲೂ ಸಿಹಿ.

"ನಿಮಗೆ ಕೊಟ್ಟಿದ್ರೆ ಎಲ್ಲಾನೂ ಅಂಗೇ ಇಡ್ತಿದ್ರಾ?" ಅಶ್ವತ್ಥಮ್ಮ ಕೇಳಿದಳು. "ಅವರು ಆಡಿದ ಮಾತೂನಾ?"

"ಮಾತಾ? ಚಾಟ್? ಇಲ್ಲಮ್ಮ. ಊರು ಮಾತ್ರ ತಗೋತೀವಿ. ಚಾಟ್ ಎಲ್ಲಾ ಮೂವತ್ತು ದಿನಕ್ಕೆ ಅಳಿಸ್ಬಿಡ್ತೀವಿ. ಹಳೇದೆಲ್ಲ ಇಟ್ಕೊಂಡು ಕೂತ್ರೆ ಜಾಗ ಸಾಕಾಗಲ್ಲ. ಅದೆಲ್ಲಾ ಮನೇಲಿ ನಡೆಸೋರು ಮಾಡೋ ಕೆಲಸ."

"ನಮ್ಮ ಕಡೆಯೋರಿಗೆ ಇದು ಗೊತ್ತಿತ್ತಾ?"

"ವೆಂಕಿಗೆ ಹೇಳಿದ್ದೆ. ಪಾಪ, ಆ ತಂಬಿ ಎಷ್ಟು ಆಸೆಯಿಂದ ಓಡಾಡ್ತು ಸರ್ವರ್ ಇಲ್ಲಿಗೆ ತರೋಕೆ. ಆ ಅಮ್ಮ ಬೇಡ ಅಂದ್ಬಿಟ್ರು."

ಅಶ್ವತ್ಥಮ್ಮ ಗಾಜಿನ ಹಿಂದಿನ ಪೆಟ್ಟಿಗೆಗಳನ್ನು ನೋಡಿದಳು. "ಅಂಗಡಿ ಚೆನ್ನಾಗೈತೆ. ಆಯುಧಪೂಜೆ ಜೋರಾ?"

"ಈ ಅಂಗಡಿ ಇನ್ನೂ ಒಂದು ಆಯುಧಪೂಜೆ ನೋಡಿಲ್ಲಮ್ಮ. ಪೊಂಗಲ್‌ಗೆ ಓಪನ್ ಮಾಡಿದ್ದು. ಎಲ್ಲಾ ಪೆಟ್ಟಿಗೆ ಒಡೆದ ಹೊಸ ಮಾಲು. ಈ ಸಲ ಜೋರಾಗಿ ಮಾಡ್ತೀವಿ, ನೀವೂ ಬನ್ನಿ."

ಹೊರಗೆ ಬಂದ ಮೇಲೆ ಲಿಖಿತ ತಡೆಯಲಾರದೆ ಕೇಳಿದಳು, "ಅವನೇ ತಾನೆ ಅಕ್ಕ?"

"ಮಧ್ಯಾಹ್ನ ಬಂದು ಮಧ್ಯಾಹ್ನವೇ ಒಂಟೋದೋನು. ಐದೂವರೆವರೆಗೂ ಊರು ಇತ್ತು ಅಂತ ನೀನೇ ಅಂದ್ಯಲ್ಲ."

"ದೂರದಿಂದಾನೂ ಅಳಿಸ್ಬೋದು, ಇಂಟರ್ನೆಟ್ಟಲ್ಲಿ."

"ಕರೆಂಟ್ ಇಲ್ಲದ ಪೆಟ್ಟಿಗೆಯಾ?"

ಲಿಖಿತ ಸ್ಕೂಟರ್ ಹಚ್ಚಿದಳು. ಅಶ್ವತ್ಥಮ್ಮ ಹಿಂದೆ ಕೂತು ಸೆರಗು ಬಿಗಿ ಮಾಡಿಕೊಂಡಳು. "ಓಗಾಣ. ಆ ಬಿಲ್ಲು ನನಗೆ ಬೇಕು."

ಆ ಸಂಜೆ ಡೇರಿಯಲ್ಲಿ ಹಾಲು ಅಳೆಯುತ್ತಲೇ ಅಶ್ವತ್ಥಮ್ಮ ಬಿಲ್ಲನ್ನೂ ಡಿಸ್ಕನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ಆಮೇಲೆ ಎರಡನ್ನೂ ಬ್ಯಾಗಿಗೆ ಹಾಕಿಕೊಂಡಳು. ಲಿಖಿತ ಎಷ್ಟು ಕೇಳಿದರೂ "ಬುಧವಾರ ಯೋಳ್ತೀನಿ, ವೆಂಕಿ ಕಾರ್ಖಾನೆಗೂ ರಜ ಆವತ್ತು, ಅವನೂ ಇರ್ಲಿ" ಎಂದಷ್ಟೇ ಹೇಳಿದಳು.

ಮಂಗಳವಾರ ಪೂರ್ತಿ ಮುನಿರತ್ನಮ್ಮ ರಾಗಿ ಕೋಣೆಗೆ ಕಾಲಿಡಲಿಲ್ಲ. ಸಂಜೆ ಓದುವ ಹೊತ್ತಿಗೆ ಸರಿಯಾಗಿ ಬಂದು ಬಾಗಿಲಲ್ಲಿ ನಿಂತಳು. ಆರಿದ ಪರದೆಯನ್ನು ನೋಡಿದಳು. "ನಾನೇ ಕಳ್ಸಿದ್ದು ಬುಡವ್ವ. ಇನ್ನು ಕೇಳಿ ಏನಾಗ್ಬೇಕು," ಎಂದು ಹೋದಳು.

---

ಬುಧವಾರ ಮಧ್ಯಾಹ್ನ ರಾಗಿ ಕೋಣೆಯಲ್ಲಿ ನಾಲ್ವರು ಕೂತರು. ಮೂಟೆಯ ಮೇಲೆ ಮುನಿರತ್ನಮ್ಮ. ಕುರ್ಚಿಯಲ್ಲಿ ಲಿಖಿತ. ಚಾಪೆಯ ಮೇಲೆ ವೆಂಕಿ, ತೊಡೆಯ ಮೇಲೆ ಕಾರ್ಖಾನೆಯ ಬ್ಯಾಗು. ರಜದ ದಿನವೂ ಆ ಬ್ಯಾಗು ಯಾಕೋ ಎಂದು ಲಿಖಿತಳಿಗೆ ಒಂದು ಗಳಿಗೆ ಅನ್ನಿಸಿತು. ಬಾಗಿಲಾಚೆ ಜಗಲಿಯಲ್ಲಿ ಶ್ರೀರಾಮಪ್ಪ ಬೆನ್ನು ತಿರುಗಿಸಿಕೊಂಡು ಹಗ್ಗ ಹೊಸೆಯುತ್ತಿದ್ದ. ಅಶ್ವತ್ಥಮ್ಮ ನಿಂತೇ ಇದ್ದಳು.

"ಯಾರೋ ಅಳ್ಸವ್ರೆ ಅಂತ ನಾವು ಅಂದ್ಕೊಂಡಿದ್ವಿ," ಎಂದಳು. "ತಪ್ಪು. ಯಾರೂ ಏನೂ ಅಳ್ಸಿಲ್ಲ. ಡಿಸ್ಕನ್ನೇ ಬದಲಾಯ್ಸವ್ರೆ."

"ಬದಲಾಯ್ಸಿದ್ದಾ?" ಲಿಖಿತ ಎದ್ದು ನಿಂತಳು. "ಅದೇ ಕಂಪನಿ, ಅದೇ ಸೈಜು ಅಕ್ಕ. ನಾನೇ ಬಿಚ್ಚಿದ್ನಲ್ಲ."

"ನೀನೇ ಬಿಚ್ದೆ. ಕುಂಕುಮಾನೂ ನೀನೇ ನೋಡ್ದೆ. ಎಲ್ಲಾ ಮಿಷನ್‌ಗೂ ಇರ್ತದೆ ಅಂದೆ. ನಿಜ. ನಮ್ಮೂರಲ್ಲಿ ಪಂಪ್‌ಸೆಟ್ಟಿಂದ ಸೈಕಲ್ ಪಂಪಿನವರೆಗೆ ಕುಂಕುಮ ಇಲ್ಲದ್ದು ಯಾವುದೈತೆ? ಅದಕ್ಕೇ ಅದು ನಮ್ಮ ಕಣ್ಣಿಗೆ ಬೀಳಲ್ಲ. ಈಗ ಯೋಳು, ಈ ಮನೇಲಿ ಓದ ವರ್ಷ ಆಯುಧಪೂಜೆ ಮಾಡಿದ್ರಾ?"

"ಇಲ್ಲ. ಸಾವಾಗಿತ್ತಲ್ಲ."

"ಡಿಸ್ಕು ತಂದಿದ್ದು?"

"ಅದಾದ್ಮೇಲೆ. ಕಾರ್ತಿಕದಲ್ಲಿ."

"ಪೂಜೆ ಮುಗಿದ ಮೇಲೆ ಹುಟ್ಟಿ, ಪೂಜೆ ಇಲ್ಲದ ಮನೇಲಿ ಇದ್ದ ಡಿಸ್ಕಿಗೆ ಕುಂಕುಮ ಎಲ್ಲಿಂದ ಬಂತು? ಮೇಲ್ಗಡೆ ಒರೆಸವ್ರೆ. ಸ್ಕ್ರೂ ಗುಣೀಲಿ ಉಳ್ಕಂಡೈತೆ." ಅವಳು ಬ್ಯಾಗಿನಿಂದ ಡಿಸ್ಕನ್ನೂ ಬಿಲ್ಲನ್ನೂ ತೆಗೆದು ಮೇಜಿನ ಮೇಲಿಟ್ಟಳು. "ಬಿಲ್ಲಲ್ಲಿ ನಂಬರೈತೆ, ಡಿಸ್ಕ್ ಮೇಲೂ ನಂಬರೈತೆ. ಓದಿ ನೋಡು."

ಲಿಖಿತ ಓದಿದಳು. ಮೊದಲ ನಾಲ್ಕು ಅಂಕಿಗೇ ನಿಲ್ಲಿಸಿದಳು. ಎರಡೂ ಬೇರೆ ಬೇರೆ.

"ಯಾರ ಡಿಸ್ಕು ಇದು?" ಅಶ್ವತ್ಥಮ್ಮ ಮುಂದುವರಿಸಿದಳು. "ಸೆಲ್ವರಾಜ್ ಅಂಗಡೀದಲ್ಲ. ಆ ಅಂಗಡಿ ಆಯುಧಪೂಜೇನೇ ನೋಡಿಲ್ಲ. ಮುನೀಂದ್ರನಿಗೆ ಒಳಗೆ ಯಾವ ಡಿಸ್ಕ್ ಐತೆ ಅಂತ ಗೊತ್ತಿಲ್ಲ. ಗೊತ್ತಿಲ್ಲದೋನು ಅಂಥದ್ದೇ ಜೋಡಿ ಎಂಗೆ ತರ್ತಾನೆ? ಇದನ್ನ ತಂದೋನಿಗೆ ಒಳಗಿರೋದು ಮೊದಲೇ ಗೊತ್ತಿತ್ತು. ಅವನತ್ರಾನೂ ಅಂಥದ್ದೇ ಒಂದಿತ್ತು, ಅವನ ಮನೇಲಿ ಪೂಜೆ ಕಂಡಿದ್ದು. ಭಾನುವಾರ ಐದೂವರೆ ಆದ್ಮೇಲೆ, ಪೆಟ್ಟಿಗೆ ಆರಿದಾಗ, ಎಲ್ಲಾರೂ ಆಲು ಕರೆಯೋಕೆ, ಡೇರಿಗೆ ಅಂತ ಓಗಿರೋವಾಗ ಈ ಕೋಣೇಲಿ ಒಬ್ನೇ ಇದ್ದೋನು ಯಾರು?"

ನನ್ನತ್ರ ಇರೋ ಕಂಪನೀದೇ ತಗೋ ಎಂದು ಹೇಳಿದ್ದವನ ಮುಖವನ್ನು ಲಿಖಿತ ನೋಡಿದಳು. ನಂಬಲು ಮನಸ್ಸು ಒಪ್ಪಲಿಲ್ಲ.

"ವೆಂಕಿ ಅಣ್ಣ?"

ವೆಂಕಿ ಬ್ಯಾಗನ್ನು ತಬ್ಬಿಕೊಂಡಿದ್ದ.

"ಯಾಕ್ಲಾ?" ಎಂದಳು ಮುನಿರತ್ನಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. "ನಿನಗೆ ಬೇಕಿದ್ರೆ ಕೇಳಿದ್ರೆ ಕೊಡ್ತಿದ್ನಲ್ಲ."

"ಅವನಿಗೆ ಊರು ಬೇಕಾಗಿರ್ಲಿಲ್ಲ ಮುನಿರತ್ನ," ಎಂದಳು ಅಶ್ವತ್ಥಮ್ಮ. "ಮಾತು ಓಗ್ಬೇಕಾಗಿತ್ತು. ಸೆಲ್ವರಾಜ್ ಅಂಗಡಿಗೆ ಸೇರಿದ್ರೆ ಊರು ಉಳೀತದೆ, ಮಾತು ಓಗ್ತದೆ. ಅದಕ್ಕೇ ಅಷ್ಟು ಓಡಾಡ್ದ. ನೀನು ಒಪ್ಪಲಿಲ್ಲ. ದಿನಕ್ಕೊಂದು ಓದಿಸ್ಕೊಂಡು ಕೊನೇ ದಿನದ ಹತ್ರ ಬಂದ್ಬಿಟ್ಟೆ. ಕೊನೇ ದಿನದಲ್ಲಿ ಏನೈತೆ ಅಂತ ನನಗೆ ಗೊತ್ತಿಲ್ಲ. ಅವನಿಗೆ ಗೊತ್ತು. ಒಂದು ಮಾತ್ರ ನನಗೆ ನಿನ್ನೆ ರಾತ್ರಿ ಒಳೀತು. ಬಂಗಾರಪೇಟೆ ಬೂಸಾ ಅಂಗಡಿ ಏಳಕ್ಕೆ ಮುಚ್ತದೆ. ಮುನಿರಾಜ ಮನೆ ಬಿಟ್ಟಿದ್ದೇ ಏಳಕ್ಕೆ. ಡೇರಿ ಮುಂದೆ ಓಗಿದ್ದನ್ನ ನಾನೇ ನೋಡಿದ್ದೆ. ವರ್ಷದಿಂದ ನಾವ್ಯಾರೂ ಇದನ್ನ ಲೆಕ್ಕ ಹಾಕ್ಲಿಲ್ಲ. ನಾನೂ ಹಾಕ್ಲಿಲ್ಲ. ಅದು ನನ್ನ ತಪ್ಪು."

ಜಗಲಿಯಲ್ಲಿ ಹಗ್ಗ ಹೊಸೆಯುವ ಸದ್ದು ನಿಂತಿತು.

ವೆಂಕಿ ಬ್ಯಾಗಿನ ಜಿಪ್ಪು ಎಳೆದ. ಟಿಫನ್ ಡಬ್ಬಿಯ ಕೆಳಗಿಂದ, ಟವಲ್ಲಿನಲ್ಲಿ ಸುತ್ತಿದ್ದ ಡಿಸ್ಕನ್ನು ತೆಗೆದು ಚಾಪೆಯ ಮೇಲಿಟ್ಟ.

"ಒಡೆದಾಕೋಣ ಅಂತ ತಗೊಂಡೋದೆ. ಆಗ್ಲಿಲ್ಲ. ಸೋಮವಾರ, ಮಂಗಳವಾರ ಟ್ರೈನಿಂದ ಎಸೆಯಾಣ ಅಂತ ಬಾಗಿಲವರೆಗೂ ಓಗಿದ್ದೆ. ಅವನು ಕಟ್ಟಿದ ಮನೆ ಇದರೊಳಗೈತಲ್ಲ. ಆವತ್ತು ನನ್ನ ಬಸ್ಸು ತಪ್ತು. ಫೋನಲ್ಲಿ ಕಾಸಿರ್ಲಿಲ್ಲ. ಸ್ಟೇಷನ್ ವೈಫೈಲಿ ಆಟದೊಳಗೇ ಅವನನ್ನ ಕರ್ದೆ. ಬಂದೆ ಇರು ಅಂದ. ಒಂಬತ್ತರವರೆಗೂ ಸ್ಟೇಷನ್ ಮುಂದೆ ಕಾಯ್ತಿದ್ದೆ ನಾನು. ಇಲ್ಲಿಗೆ ಬರೋ ಅಷ್ಟೊತ್ತಿಗೆ ಎಲ್ಲಾರೂ ಬೂಸಾ ಬೂಸಾ ಅಂತಿದ್ರು. ನನ್ನ ಬಾಯಿ ಏಳ್ಲಿಲ್ಲ ಅಮ್ಮ. ನಾಳೆ ಯೋಳ್ತೀನಿ, ನಾಡಿದ್ದು ಯೋಳ್ತೀನಿ ಅಂತ—"

"ಡಿಸ್ಕ್ ಕದ್ದಿದ್ದು ಸಣ್ಣ ಕಳ್ಳತನ ಕಣ್ಲಾ," ಎಂದಳು ಅಶ್ವತ್ಥಮ್ಮ ಮೆಲ್ಲಗೆ. "ಲಾರಿಯವನು ಮಾಡಿದ್ದಕ್ಕೆ ನಿನ್ನನ್ನ ಯಾರೂ ಬೈತಿರ್ಲಿಲ್ಲ. ನೀನು ಒರ್ಬೇಕಾಗಿದ್ದ ಮೂಟೇನ ಇವಳ ತಲೆ ಮೇಲಿಟ್ಟು, ಪ್ರತಿ ಭಾನುವಾರ ಬಂದು ಇವಳ ಕೈಲೇ ಕಾಫಿ ಕುಡಿದ್ಯಲ್ಲ, ಕಳ್ಳತನ ಅಂದ್ರೆ ಅದು."

ವೆಂಕಿ ಮುಖ ಮುಚ್ಚಿಕೊಂಡ. ಅವನ ಮೇಲೆ ಸಿಟ್ಟು ಬರುತ್ತದೆ ಎಂದು ಲಿಖಿತ ಕಾದಳು. ಬಂದದ್ದು ಸಿಟ್ಟಲ್ಲ, ಸಂಕಟ. ಡಿಸ್ಕು ಎತ್ತಿಕೊಂಡು ಹೋಗಿ ಸಿಕ್ಕಿಸಿದಳು. ಎರಡು ನಿಮಿಷಕ್ಕೆ ಚಿನ್ನದೂರು ಎದ್ದಿತು. ಗೋಪುರಗಳು, ಗುಡ್ಡಗಳು, ಮೂಲೆಯ ಮನೆ. ಮುನಿರತ್ನಮ್ಮ ಅದನ್ನು ನೋಡಲೇ ಇಲ್ಲ.

"ಕೊನೇ ದಿನದ್ದು ತೆಗಿ," ಎಂದಳು.

"ತಿಥಿ ಶನಿವಾರ ದೊಡ್ಡಮ್ಮ."

"ಈಗಲೇ ತೆಗಿ. ಇವನೇ ಓದ್ಲಿ."

ವೆಂಕಿ ಎದ್ದು ಬಂದು ಪರದೆಯ ಮುಂದೆ ಕೂತ. ಹೆಸರು ಹೆಸರಾಗಿ ಓದಿದ.

"ವೆಂಕಿ: ಮಗಾ, ಬಂಗಾರಪೇಟೇಲಿ ಇಳ್ದೆ. ಬಸ್ ಓಯ್ತು. ಬಂದು ಕರ್ಕೊಂಡೋಗ್ಲಾ. ಮುನಿರಾಜ್: ಬಂದೆ ಇರು. ವೆಂಕಿ: ಬೂಸಾ ತರ್ಬೇಕು ಅಂತಿದ್ಯಲ್ಲ, ಅದೂ ಆಯ್ತದೆ. ಮುನಿರಾಜ್: ಅಂಗಡಿ ಇಷ್ಟೊತ್ತಿಗೆ ಎಲ್ಲಿ ತೆಗ್ದಿರ್ತದ್ಲಾ. ನಾಳೆ ತತ್ತೀನಿ. ನಿನಗೋಸ್ಕರಾನೇ ಬತ್ತಿರೋದು. ಮುನಿರಾಜ್: ಅಮ್ಮ ಬೈದ್ಲು ಕಣ್ಲಾ. ಬೈದು ಈಗ ಉಳ್ಳಿಕಾಳ್ ಸಾರು ಮಾಡ್ತಾ ಅವ್ಳೆ. ನೀನೂ ಇಲ್ಲೇ ಉಣ್ಣೀವಂತೆ ಬಾ."

ಆ ಸಾಲಿನ ಮುಂದೆ ಇನ್ನೇನೂ ಬರೆದಿರಲಿಲ್ಲ. ಮುನಿರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ವರ್ಷದ ಅಳು ಒಟ್ಟಿಗೆ ಬಂತು. ಲಿಖಿತ ಅವಳ ಭುಜ ಹಿಡಿದುಕೊಂಡಳು.

ಬಾಗಿಲಲ್ಲಿ ನೆರಳಾಯಿತು. ಶ್ರೀರಾಮಪ್ಪ ಎದ್ದು ಬಂದಿದ್ದ. ಹೊಸ್ತಿಲು ದಾಟಲಿಲ್ಲ. ಏನೋ ಹೇಳಲು ಹೋಗಿ ತಡವರಿಸಿದ. ಕೊನೆಗೆ, "ರತ್ನಾ," ಎಂದ.

ಮುನಿರತ್ನಮ್ಮ ಕಣ್ಣೊರೆಸಿಕೊಂಡಳು. ಗಂಡನ ಕಡೆಗೆ ತಿರುಗಲಿಲ್ಲ.

"ಇನ್ನೊಂದ್ ಸಲ ಓದ್ಲಾ ವೆಂಕಿ," ಎಂದಳು. "ಜೋರಾಗಿ ಓದು. ಅವರಿಗೂ ಕೇಳಂಗೆ."